ಹಳೆಯ ಅಲಾಯ್ ಚಕ್ರ ಹೊಳೆಯುತ್ತಿಲ್ಲವೇ? ದೋಷ ಹುಡುಕುವ ಬಗೆ

ಎಷ್ಟು ತಿಕ್ಕಿದರೂ ಚಕ್ರ ಮಂಕಾಗಿಯೇ ಉಳಿದರೆ ಬಹಳ ಜನ ಇನ್ನೊಂದು ಕಂಪನಿಯ ಪಾಲಿಶ್ ತರುತ್ತಾರೆ. ಅದೂ ಕೆಲಸ ಮಾಡದಿದ್ದರೆ ಮೂರನೆಯದು. ಹಳೆಯ ಅಲ್ಯೂಮಿನಿಯಂ ಚಕ್ರಗಳ ವಿಷಯದಲ್ಲಿ ದೋಷ ಪಾಲಿಶ್ ಡಬ್ಬಿಯೊಳಗೆ ಇರುವುದು ತೀರಾ ಅಪರೂಪ. ಒಂದೋ ನೀವು ತಿಕ್ಕುತ್ತಿರುವುದು ಲೋಹವನ್ನೇ ಅಲ್ಲ, ಇಲ್ಲವೇ ಹಿಂದಿನ ಹಂತದ ಗೀರು ಇನ್ನೂ ಅಲ್ಲೇ ಕೂತಿದೆ. ಎರಡರಲ್ಲಿ ಯಾವುದು ಎಂದು ತಿಳಿದರೆ ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದೂ ತಿಳಿಯುತ್ತದೆ. ಕೆಳಗೆ ಬರೆದಿರುವುದೆಲ್ಲ ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿ.

ತಿಕ್ಕುತ್ತಿರುವುದು ಲೋಹವನ್ನೋ, ಬಣ್ಣವನ್ನೋ?

ಚಕ್ರವನ್ನು ಶಾಂಪೂ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಬ್ರೇಕ್ ಧೂಳು ಉಳಿದಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಹಳೆಯ ಬಿಳಿ ಬನಿಯನ್ ಬಟ್ಟೆಗೆ ಕಡಲೆಕಾಳಿನಷ್ಟು ಮೆಟಲ್ ಪಾಲಿಶ್ ಹಚ್ಚಿ, ಅಂಗೈ ಅಗಲದ ಜಾಗದಲ್ಲಿ ಅರ್ಧ ನಿಮಿಷ ತಿಕ್ಕಿ. ಬಟ್ಟೆ ಕಾಡಿಗೆಯ ಹಾಗೆ ಕಪ್ಪಾದರೆ ಅದು ಬರಿಯ ಅಲ್ಯೂಮಿನಿಯಂ. ಮೇಲ್ಮೈಯಿಂದ ಎದ್ದ ಲೋಹದ ಅತಿ ಸಣ್ಣ ಕಣಗಳೇ ಆ ಕಪ್ಪು. ಬಟ್ಟೆ ಪಾಲಿಶ್‌ನ ಬಣ್ಣದಲ್ಲೇ ಉಳಿದರೆ ಮೇಲೆ ಲ್ಯಾಕರ್‌ನಂಥ ಯಾವುದೋ ಪದರ ಇದೆ ಎಂದರ್ಥ. ಕಾರ್ಖಾನೆಯಿಂದ ಬರುವ ಬಹುಪಾಲು ಅಲಾಯ್ ಚಕ್ರಗಳ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ. ಲೋಹದ ಪಾಲಿಶ್‌ಗೂ ಅದಕ್ಕೂ ಸಂಬಂಧವಿಲ್ಲ. ತಿಕ್ಕಿದಷ್ಟೂ ಲ್ಯಾಕರ್‌ನ ಮೇಲೇ ಗೀರು ಬೀಳುತ್ತದೆ.

ಅನುಮಾನ ಉಳಿದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ ಎರಡೂ ಮುಳ್ಳುಗಳನ್ನು ಎರಡು ಬೆರಳಗಲ ದೂರದಲ್ಲಿ ಹಗುರವಾಗಿ ಮುಟ್ಟಿಸಿ. ಸದ್ದು ಬಂದರೆ ಬರಿ ಲೋಹ ಅಥವಾ ಕ್ರೋಮ್. ಬರದಿದ್ದರೆ ಲ್ಯಾಕರ್, ಬಣ್ಣ ಅಥವಾ ಆನೋಡೈಜ್ ಪದರ (ವಿದ್ಯುತ್ ಹಾಯಿಸಿ ಲೋಹದ ಮೇಲೆಯೇ ದಪ್ಪಗೆ ಬೆಳೆಸಿದ ಗಟ್ಟಿ ಪದರ). ಒತ್ತಿ ಹಿಡಿಯಬೇಡಿ, ಮೊನಚು ತುದಿ ತೆಳು ಪದರವನ್ನು ತೂರಿ ತಪ್ಪು ಉತ್ತರ ಕೊಡುತ್ತದೆ.

ಕ್ರೋಮ್ ಆಗಿದ್ದರೆ ಹೊಳಪಿನಲ್ಲಿ ಸ್ವಲ್ಪ ನೀಲಿ ಛಾಯೆ ಇರುತ್ತದೆ, ಕೆಟ್ಟ ಕಡೆ ಹಪ್ಪಳದಂತೆ ಚಕ್ಕೆ ಏಳುತ್ತದೆ, ಚಕ್ಕೆಯ ಅಂಚು ಬ್ಲೇಡಿನಷ್ಟು ಹರಿತ. ಎದ್ದ ಕ್ರೋಮ್ ಪಾಲಿಶ್‌ನಿಂದ ಸರಿಹೋಗುವುದಿಲ್ಲ. ಪ್ಲೇಟಿಂಗ್ ಮಾಡುವವರಲ್ಲಿ ಅದನ್ನು ಪೂರ್ತಿ ಇಳಿಸಬೇಕು. ಆನೋಡೈಜ್ ಪದರವಂತೂ ಅಲ್ಯೂಮಿನಿಯಂ ಆಕ್ಸೈಡೇ. ಅದರ ಮುಂದೆ ಕೈ ಪಾಲಿಶ್ ಏನೂ ಮಾಡಲಾರದು. 1960ರ ದಶಕದಲ್ಲಿ ಪೋರ್ಷೆ 911ರ ಜೊತೆ ಹೆಸರಾದ ಫುಕ್ಸ್ ಚಕ್ರಗಳು ಆನೋಡೈಜ್ ಆಗಿದ್ದವು. ಅಂಥ ಚಕ್ರ ಕೈಗೆ ಸಿಕ್ಕವರು ಪದರ ಇಳಿಸುವ ಮೊದಲು ಎರಡು ಸಲ ಯೋಚಿಸಬೇಕು, ಏಕೆಂದರೆ ಮೂಲದ ಆ ಹದ ಮತ್ತೆ ಸುಲಭವಾಗಿ ಬರುವುದಿಲ್ಲ.

ಈಗಿನ ಕಾರುಗಳಲ್ಲಿ ಹೆಚ್ಚು ಕಾಣುವುದು ಡೈಮಂಡ್ ಕಟ್ ಚಕ್ರ: ಮುಂದಿನ ಮುಖ ಬೆಳ್ಳಗೆ, ಒಳಗಿನ ಗುಳಿಗಳು ಕಪ್ಪು ಅಥವಾ ಬೂದು ಬಣ್ಣ. ಬೆಳಕಿಗೆ ಓರೆಯಾಗಿ ಹಿಡಿದರೆ ಗ್ರಾಮಫೋನ್ ತಟ್ಟೆಯಲ್ಲಿರುವಂತೆ ಸುತ್ತು ಸುತ್ತಾಗಿ ಸಣ್ಣ ಗೆರೆಗಳು ಕಾಣುತ್ತವೆ. ಅವು ದೋಷವಲ್ಲ, ಲೇತ್ ಯಂತ್ರ ಕಡೆದ ಗುರುತು. ಆ ನೋಟ ಉಳಿಯಬೇಕಾದರೆ ಉಜ್ಜುವ ಕಾಗದ (ವಾಟರ್ ಪೇಪರ್) ಮುಟ್ಟಿಸಬೇಡಿ, ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ನಡೆಸುವ ಲೇತ್ ಇರುವ ಕಡೆಗೇ ಕಳಿಸಿ. ಪ್ರತಿ ಸಲ ಕಡೆದಾಗಲೂ ಲೋಹ ಕಡಿಮೆಯಾಗುತ್ತದೆ ಎಂಬುದನ್ನೂ ನೆನಪಿಡಿ.

ಇನ್ನೊಂದು ಎಚ್ಚರಿಕೆ. ಹಳೆಯ ರೇಸಿಂಗ್ ಚಕ್ರಗಳಲ್ಲಿ ಕೆಲವು ನಿಜವಾಗಿಯೂ ಮೆಗ್ನೀಸಿಯಂ. ಚಕ್ರದ ಹಿಂಭಾಗದಲ್ಲಿ ಒಂದಿಷ್ಟು ಜಾಗ ಕೆರೆದು ಒಂದು ತೊಟ್ಟು ವಿನೆಗರ್ ಹಾಕಿ. ಗುಳ್ಳೆ ಎದ್ದರೆ ಮೆಗ್ನೀಸಿಯಂ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಮೆಗ್ನೀಸಿಯಂ ಆಗಿದ್ದರೆ ಮನೆಯಲ್ಲಿ ಉಜ್ಜಬೇಡಿ. ಅದರ ಪುಡಿ ಹೊತ್ತಿಕೊಂಡರೆ ನೀರಿನಿಂದ ಆರಿಸಲಾಗದು.

ಮಬ್ಬು: ನಾಲ್ಕು ಕಾರಣ, ನಾಲ್ಕು ರೂಪ

ಮಬ್ಬು ಅಲ್ಲಲ್ಲಿ ದ್ವೀಪಗಳ ಹಾಗಿದ್ದು, ದ್ವೀಪದ ಅಂಚು ಸ್ಪಷ್ಟವಾಗಿ, ತುಸು ಹಳದಿಯಾಗಿ ಕಂಡರೆ ಲ್ಯಾಕರ್ ಪೂರ್ತಿ ಹೋಗಿಲ್ಲ. ನಟ್ ಕೂರುವ ಗುಂಡಿಗಳ ಸುತ್ತ, ಸ್ಪೋಕ್ ಮತ್ತು ರಿಮ್ ಸೇರುವ ಮೂಲೆ, ಗಾಳಿ ವಾಲ್ವಿನ ಬುಡ, ಇವು ಲ್ಯಾಕರ್ ಅಡಗುವ ಜಾಗಗಳು. ಬಣ್ಣದಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರ್ ದಪ್ಪವಾಗಿ ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಹಾಗೆ ಮಾಡಿದರೆ ಅದು ಬೇಗ ಆರುವುದಿಲ್ಲ. ಪೌಡರ್ ಕೋಟ್ (ಪುಡಿಯಾಗಿ ಸಿಂಪಡಿಸಿ ಕಾಯಿಸಿ ಕೂರಿಸಿದ ಬಣ್ಣ) ಆಗಿದ್ದರೆ ಎರಡು ಮೂರು ಸಲ ಬಳಿಯಬೇಕಾಗುತ್ತದೆ. ಬಯಲಲ್ಲಿ, ಕೈಗವಸು ಹಾಕಿಕೊಂಡು ಮಾಡುವ ಕೆಲಸ ಇದು. ಉಬ್ಬಿದ ಲ್ಯಾಕರನ್ನು ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಯಿಂದ ಎಬ್ಬಿಸಿ. ಕಬ್ಬಿಣದ ಬ್ರಷ್ ಬೇಡ, ಕಾರಣ ಮುಂದೆ ಬರುತ್ತದೆ.

ಲ್ಯಾಕರ್ ಒಳಗೆ ಬಿಳಿ ಎಳೆಗಳು ಹುಳು ಹರಿದ ಹಾಗೆ ಕಾಣುತ್ತಿದ್ದರೆ ಅದು ಪದರದಡಿ ಹರಡುವ ತುಕ್ಕು. ಕಲ್ಲು ತಾಗಿ ಲ್ಯಾಕರ್ ಒಡೆದ ಕಡೆಯಿಂದಲೋ, ಬ್ಯಾಲೆನ್ಸ್ ತೂಕದ ಕ್ಲಿಪ್ ಕಚ್ಚಿದ ಕಡೆಯಿಂದಲೋ ಶುರುವಾಗುತ್ತದೆ. ತೇವ ಮತ್ತು ಉಪ್ಪು ಎರಡೂ ಸಿಕ್ಕಿದರೆ ಎಳೆ ಬೆಳೆಯುತ್ತಲೇ ಹೋಗುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕಾರುಗಳಲ್ಲಿ ಇದು ಕಾಣಿಸುವುದು ಸಮುದ್ರದ ಗಾಳಿಯಿಂದ. ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನಿಂದ. ಲ್ಯಾಕರ್ ಮೇಲಿನಿಂದ ಯಾವ ಉಪಾಯವೂ ಇಲ್ಲ. ಇಳಿಸಿ, ಎಳೆಯ ಬುಡದವರೆಗೆ ಉಜ್ಜಲೇಬೇಕು.

ಎರಡನೆಯ ಬಗೆಯ ಮಬ್ಬು ಇಡೀ ಮುಖದ ಮೇಲೆ ಒಂದೇ ಸಮನಾಗಿರುತ್ತದೆ. ಎದುರಿಗೆ ನಿಂತು ನೋಡಿದರೆ ಹೊಳಪು, ಓರೆಯಿಂದ ನೋಡಿದರೆ ಹಾಲು ಹಾಲು. ಇದು ಕಾಗದದ ಗೀರು. ಇದರ ಬಗ್ಗೆ ಮುಂದಿನ ಭಾಗ.

ಮೂರನೆಯದು ರಾಸಾಯನಿಕದ ಪೆಟ್ಟು. ಅಲ್ಯೂಮಿನಿಯಂನ ಮೇಲೆ ತಾನಾಗಿಯೇ ಕಟ್ಟುವ ಆಕ್ಸೈಡ್ ಪದರ ಸುಮಾರು 4ರಿಂದ 9ರವರೆಗಿನ ಪಿಎಚ್‌ನಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಕಾಸ್ಟಿಕ್ ಸೋಡಾ, ಇಂಜಿನ್ ತೊಳೆಯುವ ಕ್ಷಾರದ ದ್ರಾವಣ ಬಿದ್ದರೆ ಲೋಹವೇ ಕರಗಿ ಹೈಡ್ರೋಜನ್ ಗುಳ್ಳೆ ಬಿಡುತ್ತದೆ; ಕರಗದೆ ಉಳಿದ ಸಿಲಿಕಾನ್ ಬೂದುಗಪ್ಪು ಮಸಿಯಾಗಿ ಮೇಲೆ ಕೂರುತ್ತದೆ. ಶೌಚಾಲಯ ತೊಳೆಯುವ ಆಸಿಡ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುವುದರಿಂದ ಅದು ಬಿಳಿ ಮಚ್ಚೆಯ ಜೊತೆ ಸಣ್ಣ ಗುಂಡಿಗಳನ್ನೂ ಕೊರೆಯುತ್ತದೆ. ಲಕ್ಷಣ ಸುಲಭ: ದ್ರವ ಹರಿದ ದಾರಿಯಲ್ಲೇ, ತೊಟ್ಟಿಕ್ಕಿದ ಆಕಾರದಲ್ಲೇ ಕಲೆ ಇರುತ್ತದೆ. ಕೈ ಪಾಲಿಶ್‌ಗೆ ಅದು ಜಗ್ಗುವುದಿಲ್ಲ. 600ರ ಅಥವಾ 400ರ ವಾಟರ್ ಪೇಪರ್‌ನಿಂದ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಮತ್ತೆ ಶುರುಮಾಡಬೇಕು. ಕೆಲವು ಕಡೆ ಹುಣಸೆಹಣ್ಣು ತಿಕ್ಕುವವರೂ ಇದ್ದಾರೆ. ತಾಮ್ರ ಹಿತ್ತಾಳೆಯ ಮೇಲಿನ ಕಿಲುಬನ್ನು ಹುಳಿ ಕರಗಿಸುತ್ತದೆ, ಆದ್ದರಿಂದ ಆ ಪಾತ್ರೆಗಳು ಬೆಳಗುತ್ತವೆ. ಅಲ್ಯೂಮಿನಿಯಂನ ಆಕ್ಸೈಡ್ ಅಷ್ಟು ಸುಲಭಕ್ಕೆ ಬಗ್ಗುವುದಲ್ಲ, ಇಲ್ಲಿ ಹುಣಸೆಹಣ್ಣಿಂದ ಹೊಳಪು ಬರುವುದಿಲ್ಲ.

ನಾಲ್ಕನೆಯದು ಬರೀ ಪಾಲಿಶ್‌ನ ಜಿಡ್ಡು. ಬೆರಳು ಆಡಿಸಿದರೆ ಗೆರೆ ಮೂಡುತ್ತದೆ. ಒಂದು ಚಿಟಿಕೆ ಮೈದಾ ಉದುರಿಸಿ ಶುಚಿಯಾದ ಬಟ್ಟೆಯಿಂದ ಒರೆಸಿದರೆ ಎಣ್ಣೆಯಂಶ ಎಳೆದುಕೊಂಡು ಬರುತ್ತದೆ. ಅಮೆರಿಕದಲ್ಲಿ ಲಾರಿ ಚಕ್ರ ಪಾಲಿಶ್ ಮಾಡುವವರೂ ಕೊನೆಯಲ್ಲಿ ಹಿಟ್ಟನ್ನೇ ಬಳಸುತ್ತಾರೆ.

ಗೀರು: ಬಹುಪಾಲು ಜನ ಸೋಲುವ ಜಾಗ

ಇಲ್ಲಿ ಅಂಕಿಗಳನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. 400ರ ಕಾಗದದ ಕಣ ಸುಮಾರು 35 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), 1000ದ್ದು ಸುಮಾರು 18, 2000ದ್ದು ಸುಮಾರು 10. ಕೈಯಿಂದ ತಿಕ್ಕುವ ಮೆಟಲ್ ಪಾಲಿಶ್‌ನ ಕಣಗಳು ಇವೆಲ್ಲಕ್ಕಿಂತ ಎಷ್ಟೋ ಸಣ್ಣವು. 400ರ ಗೀರನ್ನು ಪಾಲಿಶ್‌ನಿಂದ ತೆಗೆಯಲು ಹೊರಟರೆ ಗೀರಿನ ಒಳಗೂ ಹೊಳಪು ಬರುತ್ತದೆ, ಗೀರು ಹೋಗುವುದಿಲ್ಲ. ಹೊಳೆಯುವ ಗೀರು ಮಂಕು ಗೀರಿಗಿಂತ ಹೆಚ್ಚು ಎದ್ದು ಕಾಣುತ್ತದೆ.

ಪರೀಕ್ಷೆಗೆ ಫೋನಿನ ಟಾರ್ಚ್ ಸಾಕು. ನೆರಳಿನಲ್ಲಿ ನಿಂತು, ಬೆಳಕನ್ನು ಮೇಲ್ಮೈಗೆ ತೀರಾ ಓರೆಯಾಗಿ ಬಿಡಿ. ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದು ಒತ್ತೊತ್ತಾಗಿದ್ದರೆ ಒಂದು ಹಂತವನ್ನು ಹಾರಿದ್ದೀರಿ ಅಥವಾ ಅರ್ಧಕ್ಕೆ ಬಿಟ್ಟಿದ್ದೀರಿ. ಎಲ್ಲ ಕಡೆ ನಯವಾಗಿದ್ದು ನಡುವೆ ಒಂದೋ ಎರಡೋ ಒಂಟಿ ಆಳ ಗೀರುಗಳಿದ್ದರೆ ದೊಡ್ಡ ಕಣವೊಂದು ಬಕೆಟ್ ನೀರಿನಿಂದಲೋ ಕೈಯಿಂದಲೋ ಬಂದು ಸೇರಿಕೊಂಡಿದೆ. ಹಂದಿಬಾಲದಂಥ ಸುರುಳಿಗಳಿದ್ದರೆ ಯಂತ್ರದ ಪ್ಯಾಡಿನಡಿ ಕಸ ಸಿಕ್ಕಿದೆ. ಮೂರಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಹಿಂದಿನ ನಂಬರಿಗೆ ಹೋಗಬೇಕು. ಎರಡನೆಯದಕ್ಕೆ ನೀರು ಬದಲಿಸಿ, ಅದೇ ನಂಬರಿನ ಹೊಸ ಹಾಳೆಯಿಂದ ಆ ಜಾಗವನ್ನಷ್ಟೇ ನೋಡಿಕೊಳ್ಳಬೇಕು. ಆಳವಾಗಿದ್ದರೆ ಒಂದು ಹಂತ ಇಳಿಯಬೇಕು. ಮೂರನೆಯದಕ್ಕೆ ಪ್ಯಾಡ್ ತೊಳೆಯದೆ ಬೇರೆ ದಾರಿ ಇಲ್ಲ.

ಗೀರಿನ ಆಳ ಅಳೆಯಲು ಒಂದು ಒಳ್ಳೆಯ ವಿಧಾನವಿದೆ. ಪರ್ಮನೆಂಟ್ ಮಾರ್ಕರ್‌ನಿಂದ ಆ ಜಾಗಕ್ಕೆ ಮಸಿ ಹಚ್ಚಿ, ಈಗ ಕೈಯಲ್ಲಿರುವ ಕಾಗದದಿಂದ ಹತ್ತಿಪ್ಪತ್ತು ಸಲ ಎಳೆಯಿರಿ. ಮೇಲಿನ ಮಸಿ ಹೋಗಿ ಗೀರಿನೊಳಗಿನದು ಉಳಿದರೆ ಆ ಗೀರು ಈ ಕಾಗದಕ್ಕೆ ಮೀರಿದ್ದು. ಹಿಂದಿನ ನಂಬರಿನ ಹಾಳೆಗೆ ಮರಳಿ.

ಯಾವ ನಂಬರಿನಿಂದ ಶುರುಮಾಡಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ: ಕೆಲಸ ಮಾಡಬಲ್ಲ ಅತಿ ನಯವಾದ ಕಾಗದದಿಂದ. ಬರೀ ಮಂಕಾಗಿದ್ದರೆ 600 ಅಥವಾ 800 ಸಾಕು. ಫುಟ್‌ಪಾತ್ ಕಲ್ಲಿಗೆ ಉಜ್ಜಿ ಹಲ್ಲು ಹಲ್ಲಾದ ಅಂಚಿಗೆ ಮೊದಲು ಸಣ್ಣ ಅರ, ಆಮೇಲೆ 220, 320, 400. ಅಲ್ಲಿಂದ 600, 800, 1000, 1500, 2000. ನಡುವೆ ಒಂದನ್ನು ಬಿಡಬಹುದು; 400ರಿಂದ ನೇರ 1500ಕ್ಕೆ ಹಾರಿದರೆ ಕೈ ಸೋಲುತ್ತದೆಯೇ ಹೊರತು ಗೀರು ಸೋಲುವುದಿಲ್ಲ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಪ್ರತಿ ನಂಬರಿನಲ್ಲೂ ಹಿಂದಿನ ದಿಕ್ಕಿಗೆ ಅಡ್ಡಲಾಗಿ ಉಜ್ಜಿ. ಆಗ ಹಳೆಯ ಗೀರು ಉಳಿದಿದೆಯೇ ಎಂದು ಕಣ್ಣಿಗೇ ಕಾಣುತ್ತದೆ. ಹಳೆಯ ಗೀರು ಪೂರ್ತಿ ಮರೆಯಾದ ಮೇಲೂ ಇನ್ನಷ್ಟು ಹೊತ್ತು ಮುಂದುವರಿಸಿ. ನಂಬರ್ ಬದಲಿಸುವಾಗ ಚಕ್ರ, ಕೈ, ಬಕೆಟ್ ಮೂರನ್ನೂ ತೊಳೆಯಿರಿ. ಕಾಗದವನ್ನು ಬೆರಳಿನಿಂದ ಒತ್ತಿದರೆ ಬೆರಳಿನಗಲದ ಕಾಲುವೆಗಳು ಬೀಳುತ್ತವೆ. ಸಪಾಟು ಜಾಗದಲ್ಲಿ ರಬ್ಬರ್ ತುಂಡಿಗೆ ಸುತ್ತಿ ಹಿಡಿಯಿರಿ.

ರಿಮ್ಮಿನ ಹೊರ ಅಂಚು ಸರಿಯಾಗಿ ಬರಬೇಕೆಂದರೆ ಟೈರ್ ಕಳಚಿಸಿ. ಟೈರ್ ಇದ್ದಂತೆಯೇ ಮಾಡಿದರೆ ರಬ್ಬರಿಗೆ ತಾಗಿದ ಕಡೆ ಒಂದು ಮಂಕು ಉಂಗುರ ಉಳಿದುಬಿಡುತ್ತದೆ.

ಚುಕ್ಕೆ ಮತ್ತು ಗುಂಡಿ

ಕಪ್ಪು ಚುಕ್ಕೆಗಳಲ್ಲಿ ಎರಡು ಜಾತಿ. ಉಜ್ಜಿದಷ್ಟೂ ಕಿರಿದಾಗುತ್ತ ಹೋದರೆ ಅದು ತುಕ್ಕು ಕೊರೆದ ಗುಂಡಿ. ತಾಳ್ಮೆ ಇದ್ದರೆ ಹೋಗುತ್ತದೆ. ಉಜ್ಜಿದಷ್ಟೂ ಹೊಸ ಚುಕ್ಕೆಗಳು ತೆರೆದುಕೊಂಡರೆ ಅದು ಎರಕದ ಒಳಗೇ ಇರುವ ಗಾಳಿಗುಳ್ಳೆ. ಅಲ್ಲಿ ನಿಲ್ಲಿಸಿ. ಆಳಕ್ಕೆ ಹೋದಷ್ಟೂ ಅವು ಹೆಚ್ಚಬಹುದು, ಕಡಿಮೆಯಾಗುವ ಖಾತ್ರಿ ಇಲ್ಲ.

ಚಕ್ರದ ಲೋಹವನ್ನೂ ಇಲ್ಲಿ ತಿಳಿದಿರಬೇಕು. ಎರಕ ಹೊಯ್ದ ಚಕ್ರಗಳಲ್ಲಿ ಬಹುಸಾಮಾನ್ಯವಾದ ಎ356 ಮಿಶ್ರಲೋಹದಲ್ಲಿ ಸುಮಾರು 7% ಸಿಲಿಕಾನ್ ಇರುತ್ತದೆ. ಅದರ ಹೊಳಪಿನಲ್ಲಿ ಬೂದಿನ ಛಾಯೆ ಎಂದಿಗೂ ಸ್ವಲ್ಪ ಉಳಿಯುತ್ತದೆ. ಬಡಿದು ರೂಪಿಸಿದ, ಅಂದರೆ ಫೋರ್ಜ್ ಮಾಡಿದ 6061 ಲೋಹದ ಚಕ್ರ ಕನ್ನಡಿಯೇ ಆಗುತ್ತದೆ. ಆಲ್ಕೋವಾ ಕಂಪನಿ 1948ರಲ್ಲಿ ಲಾರಿಗಳಿಗೆಂದು ತಂದ ಜಾತಿ ಅದು. ನಿಮ್ಮ ಎರಕದ ಚಕ್ರವನ್ನು ಆ ಲಾರಿ ಚಕ್ರದ ಚಿತ್ರದ ಪಕ್ಕ ಇಟ್ಟು ನೋಡಿ ದೋಷ ಎಂದುಕೊಳ್ಳಬೇಡಿ. ಲೋಹವೇ ಬೇರೆ.

ಮಳೆಯಲ್ಲಿ ಓಡಾಡಿದ ಮೇಲೆ ಕಂದು ಚುಕ್ಕೆಗಳು ಮೂಡಿದರೆ ಅದು ಅಲ್ಯೂಮಿನಿಯಂನದಲ್ಲ, ಕಬ್ಬಿಣದ ತುಕ್ಕು. ಸ್ಟೀಲ್ ವುಲ್, ತಂತಿ ಬ್ರಷ್‌ಗಳ ಚೂರುಗಳು ಮೃದುವಾದ ಅಲ್ಯೂಮಿನಿಯಂನಲ್ಲಿ ನಾಟಿಕೊಳ್ಳುತ್ತವೆ. ಬಿಸಿ ಬ್ರೇಕ್ ಧೂಳೂ ಅಷ್ಟೇ. ಕಬ್ಬಿಣ ತೆಗೆಯುವ, ಪಿಎಚ್ ತಟಸ್ಥವಾದ ಐರನ್ ರಿಮೂವರ್ ಸಿಂಪಡಿಸಿದರೆ ಕಬ್ಬಿಣವಿರುವ ಕಡೆ ನೇರಳೆ ಬಣ್ಣ ಹರಿಯುತ್ತದೆ. ಅದೇ ಪರೀಕ್ಷೆ, ಅದೇ ಮದ್ದು. ಇದೇ ಕಾರಣಕ್ಕೆ ಬಫಿಂಗ್ ಅಂಗಡಿಗೆ ಚಕ್ರ ಕೊಡುವಾಗ ಸ್ಟೀಲ್ ರೇಲಿಂಗ್‌ಗೆ ಬಳಸಿದ ಬಫ್ (ಯಂತ್ರದಲ್ಲಿ ತಿರುಗುತ್ತ ಹೊಳಪು ಕೊಡುವ ಬಟ್ಟೆಯ ಬಿಲ್ಲೆ) ಬೇಡ, ಹೊಸ ಬಫ್ ಹಾಕಿ ಎಂದು ಕೇಳಿ. ಅದರ ಬೆಲೆ ನೀವೇ ಕೊಟ್ಟರೂ ನಷ್ಟವಿಲ್ಲ.

ಬಫ್ ಯಂತ್ರದಿಂದ ಬರುವ ದೋಷಗಳು

ಕಪ್ಪು ಪಟ್ಟಿಗಳು ಅಂಟಿಕೊಂಡು ಒರೆಸಿದರೂ ಬರುತ್ತಿಲ್ಲವೆಂದರೆ ಸೋಪು (ಬಫ್‌ಗೆ ಹಚ್ಚುವ ಪಾಲಿಶ್ ಗಟ್ಟಿ) ಹೆಚ್ಚಾಗಿದೆ, ಜಾಗ ಕಾದಿದೆ. ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ತೆಗೆದು, ಬಫ್‌ನ ಮೈಯನ್ನು ಹಲ್ಲುಗಳಿರುವ ತುಂಡಿನಿಂದ ಕೆರೆದು, ತೀರಾ ಕಡಿಮೆ ಸೋಪಿನಲ್ಲಿ ಮತ್ತೆ ಮಾಡಿ. ಗುಂಡಿಗಳ ಹಿಂದೆ ಧೂಮಕೇತುವಿನ ಬಾಲದಂಥ ಗೆರೆ ಬಂದರೆ ಒಂದೇ ದಿಕ್ಕಿನಲ್ಲಿ ಹೆಚ್ಚು ಹೊತ್ತು ಬಫ್ ಆಗಿದೆ. ದಿಕ್ಕು ಬದಲಿಸುತ್ತ ಹೋಗಿ. ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಅಲೆ ಅಲೆಯಾದರೆ ಒತ್ತಡ ಜಾಸ್ತಿ. ಇದನ್ನು ಬಫ್‌ನಿಂದಲೇ ಸರಿಮಾಡಲು ಹೋಗಬೇಡಿ, 800ಕ್ಕೆ ಇಳಿಯಿರಿ.

ವೇಗದ ಲೆಕ್ಕ ಮಾಡಿ ನೋಡಿ. ನಮ್ಮಲ್ಲಿ ಸಾಮಾನ್ಯವಾದ 4 ಇಂಚಿನ ಆ್ಯಂಗಲ್ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ. 100 ಮಿ.ಮೀ. ಬಫ್‌ನ ಅಂಚು ಆಗ ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. ಬಟ್ಟೆ ಹರಿದು ಮುಖಕ್ಕೆ ಹಾರಬಹುದು, ಲೋಹ ಸುಡುತ್ತದೆ. ಅದೇ ಬಫ್ 3000 ಸುತ್ತಿನ ಡ್ರಿಲ್‌ನಲ್ಲಿ ಸೆಕೆಂಡಿಗೆ 16 ಮೀಟರ್ ಅಷ್ಟೇ. ನಿಧಾನ, ಆದರೆ ಹತೋಟಿಯಲ್ಲಿರುತ್ತದೆ. ಮನೆಯಲ್ಲಿ ಮಾಡುವವರಿಗೆ ವೇಗ ಹೊಂದಿಸಬಹುದಾದ ಪಾಲಿಶರ್ ಎಲ್ಲಕ್ಕಿಂತ ಒಳ್ಳೆಯದು. ಮೊದಲು ಹೊಲಿಗೆ ಹಾಕಿದ ಗಟ್ಟಿ ಹತ್ತಿ ಬಫ್‌ಗೆ ಕಂದು ಟ್ರಿಪೋಲಿ ಸೋಪು, ಆಮೇಲೆ ಸಡಿಲ ಹತ್ತಿ ಬಫ್‌ಗೆ ಬಿಳಿ ಸೋಪು. ಎರಡು ಸೋಪಿಗೂ ಒಂದೇ ಬಫ್ ಬಳಸಿದರೆ ಕೊನೆಯ ಹೊಳಪು ಬರುವುದೇ ಇಲ್ಲ.

ಕಾರನ್ನು ಜಾಕ್ ಮೇಲೆ ಎತ್ತಿ, ಇಂಜಿನ್ ಓಡಿಸಿ, ತಿರುಗುವ ಚಕ್ರಕ್ಕೆ ಕಾಗದ ಹಿಡಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಬಟ್ಟೆ ಸ್ಪೋಕಿಗೆ ಸಿಕ್ಕರೆ ಕೈಯೇ ಒಳಗೆ ಹೋಗುತ್ತದೆ. ಒಣ ಉಜ್ಜುವಿಕೆಯಲ್ಲಿ ಏಳುವ ಅಲ್ಯೂಮಿನಿಯಂ ಪುಡಿ ಹೊತ್ತಿಕೊಳ್ಳುವ ವಸ್ತು. ಅದು ಕಬ್ಬಿಣದ ತುಕ್ಕಿನ ಪುಡಿಯ ಜೊತೆ ಸೇರಿದರೆ ಇನ್ನೂ ಅಪಾಯ, ರೈಲು ಹಳಿ ಬೆಸೆಯಲು ಬಳಸುವ ಥರ್ಮಿಟ್ ಅದೇ ಮಿಶ್ರಣ. ಕಬ್ಬಿಣ ಕತ್ತರಿಸುವ ಜಾಗದಲ್ಲಿ ಈ ಕೆಲಸ ಬೇಡ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ಬಂದ ಹೊಳಪು ನಿಲ್ಲುತ್ತಿಲ್ಲ

ಬರಿ ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಕಟ್ಟುತ್ತದೆ. ಆ ಪದರ ಪಾರದರ್ಶಕ, ಹೊಳಪು ಕೆಡಿಸುವುದು ಅದಲ್ಲ. ಕೆಡಿಸುವುದು ಉಪ್ಪು, ಕ್ಷಾರದ ಶಾಂಪೂ, ಒದ್ದೆ ಕೆಸರು ಮತ್ತು ಬ್ರೇಕ್ ಧೂಳು. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಲು ಬಿಟ್ಟರೆ ಬಿಳಿ ಸುಣ್ಣದ ಕಲೆ ಬೀಳುತ್ತದೆ. ಅದನ್ನು ತುಕ್ಕು ಎಂದುಕೊಂಡು ಮತ್ತೆ ಕಾಗದ ಹಿಡಿಯುವವರು ಬಹಳ. ತೊಳೆದ ಕೂಡಲೇ ಒರೆಸಿದರೆ ಆ ಸಮಸ್ಯೆಯೇ ಇಲ್ಲ. ಬಿಸಿ ಚಕ್ರದ ಮೇಲೆ ಯಾವ ಕ್ಲೀನರೂ ಬೇಡ.

ಕಾಪಾಡಲು ಎರಡು ದಾರಿ. ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ ಆಗಾಗ ಕೈ ಪಾಲಿಶ್ ಮಾಡುತ್ತಿರುವುದು, ಅಥವಾ ಮತ್ತೆ ಲ್ಯಾಕರ್ ಹೊಡೆಸುವುದು. ನಾನು ಮೊದಲನೆಯದರ ಪರ. ಕನ್ನಡಿಯಂಥ ನಯವಾದ ಮೇಲ್ಮೈಗೆ ಲ್ಯಾಕರ್ ಹಿಡಿದುಕೊಳ್ಳಲು ಹಿಡಿತ ಸಿಗುವುದಿಲ್ಲ. ಪಾಲಿಶ್‌ನ ಎಣ್ಣೆ ಚೂರು ಉಳಿದಿದ್ದರೂ ಮೊದಲ ಮಳೆಗಾಲಕ್ಕೇ ಅಂಚಿನಿಂದ ಏಳುತ್ತದೆ, ಅದರಡಿ ಮತ್ತೆ ಹುಳು ಹರಿದಂಥ ಎಳೆ ಶುರು. ಕರಾವಳಿಯಲ್ಲಿದ್ದು ತಿಂಗಳಿಗೊಮ್ಮೆಯೂ ಕೈ ಹಚ್ಚಲಾಗದವರು ಲ್ಯಾಕರ್ ಹೊಡೆಸಲಿ, ಆದರೆ ದ್ರಾವಕದಿಂದ ಎಣ್ಣೆ ಪೂರ್ತಿ ತೆಗೆದು, ಬರಿ ಲೋಹಕ್ಕೆಂದೇ ಇರುವ ಲ್ಯಾಕರನ್ನೇ ಕೇಳಿ.

ಪಾಲಿಶ್ ಮಾಡಬಾರದ ಚಕ್ರ

ಕೂದಲೆಳೆಯಂಥ ಬಿರುಕು ಸ್ಪೋಕಿನ ಬುಡದಲ್ಲೋ ರಿಮ್ಮಿನ ಒಳ ಅಂಚಿನಲ್ಲೋ ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಂಥ ಕಡೆ ಹಳೆಯ ಚಕ್ರ ಕೊಳ್ಳುವಾಗ ಲ್ಯಾಕರ್ ಇಳಿಸಿದ ಮೇಲಷ್ಟೇ ಬಿರುಕು, ಬೆಸುಗೆ ಗುರುತು ಬಯಲಾಗುವುದುಂಟು. ಟೈರ್ ಕೂರುವ ಒಳ ಅಂಚನ್ನು, ನಟ್ ಕೂರುವ ಇಳಿಜಾರು ಮುಖವನ್ನು, ಹಬ್ಬಿಗೆ ತಾಗುವ ಹಿಂಬದಿಯನ್ನು ಉಜ್ಜಬೇಡಿ. ಅಲ್ಲಿ ಹೊಳಪಿಗಿಂತ ಅಳತೆ ಮುಖ್ಯ. ಲ್ಯಾಕರ್ ಎಬ್ಬಿಸಲು ಗ್ಯಾಸ್ ಜ್ವಾಲೆ ಬಳಸಿದರೆ ಚಕ್ರಕ್ಕೆ ಕಾರ್ಖಾನೆಯಲ್ಲಿ ಕೊಟ್ಟ ಶಾಖದ ಹದ ಕೆಡುತ್ತದೆ, ಬಲ ಕುಂದುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಟೈರ್ ಹಾಕಿಸಿದ ಮೇಲೆ ಬ್ಯಾಲೆನ್ಸಿಂಗ್ ಹೊಸದಾಗಿ ಮಾಡಿಸಿ, ಕ್ಲಿಪ್ ತೂಕದ ಬದಲು ಒಳಬದಿಗೆ ಅಂಟುವ ತೂಕ ಹಾಕಿಸಿ. ನಟ್ ಕೂರುವ ಜಾಗದಲ್ಲಿ ಪಾಲಿಶ್ ಜಿಡ್ಡು ಉಳಿಯದಂತೆ ಒರೆಸಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿ ಮಾಡಿ. 80–100 ಕಿ.ಮೀ. ಓಡಿಸಿದ ನಂತರ ಅದೇ ಸ್ಪ್ಯಾನರ್ ಹಿಡಿದು ಇನ್ನೊಮ್ಮೆ ಎಲ್ಲ ನಟ್‌ಗಳನ್ನೂ ನೋಡಿ.